ಇಲ್ಲದ ಬಳಗ, ಬಿದ್ದ ಮಗಳು

ಛತ್ರಪತಿ ಸಂಭಾಜಿನಗರದ ಹಳೆಯ ಕಾಲೇಜೊಂದರ ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಕಾಲೇಜಿನಲ್ಲಿ ಇಲ್ಲವೇ ಇಲ್ಲದ ಗುಪ್ತ ಬಳಗವೊಂದು ನನ್ನ ಕಿರಿಯ ಮಗಳ ಬೆನ್ನುಮೂಳೆ ಮುರಿದಿದೆ. ಆ ಬಳಗ ಇಲ್ಲವೆಂದು ಈಗ ನನ್ನ ಹಿರಿಯ ಮಗಳಿಂದಲೇ ಬರೆಸಿಕೊಳ್ಳಲು ಹೊರಟಿದ್ದೀರಿ. ಸೋಮವಾರದೊಳಗೆ ಆಕೆ ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕದಿದ್ದರೆ ಕೊನೆಯ ವರ್ಷದ ಪರೀಕ್ಷೆಗೆ ಕೂರುವಂತಿಲ್ಲ. ಮರಾಠಿಯಲ್ಲಿ ಮೂರು ಅರ್ಜಿ ಕೊಟ್ಟೆ, ಉತ್ತರವಿಲ್ಲ. ಇನ್ನು ನನ್ನ ಭಾಷೆಯಲ್ಲೇ, ನನ್ನ ಜನರ ಮುಂದೆಯೇ ಹೇಳುತ್ತೇನೆ. ನಾನು ಓಝರ್‌ನ ಕಾರ್ಖಾನೆಯಲ್ಲಿ ಫಿಟರ್, ಬರೆಯುವ ರೂಢಿಯಿಲ್ಲ. ಫೋನಿನಲ್ಲಿ ತುಂಡುತುಂಡಾಗಿ ಹೇಳಿ ಕಳಿಸಿದ್ದನ್ನು ಗೆಳೆಯ ಗುರುಪ್ರಸಾದ ಬರೆದುಕೊಂಡಿದ್ದಾನೆ. ಮಾತು ಉದ್ದವಾದರೆ ಸಹಿಸಿಕೊಳ್ಳಿ. ನಿಮ್ಮ ಸಮಿತಿ ನಲವತ್ತೇ ನಿಮಿಷದಲ್ಲಿ ವಿಚಾರಣೆ ಮುಗಿಸಿದ್ದನ್ನು ನಾನೂ ಸಹಿಸಿಕೊಂಡಿದ್ದೇನೆ.

ನಾವು ಭಾಲ್ಕಿ ಕಡೆಯವರು. ನಮ್ಮಲ್ಲಿ ಇಷ್ಟಲಿಂಗ ಮೈಮೇಲಿಂದ ಇಳಿಯುವುದಿಲ್ಲ. ನಿದ್ದೆಯಲ್ಲೂ ಬೆಳ್ಳಿಯ ಕರಡಿಗೆಯೊಳಗೆ ಕೊರಳಲ್ಲೇ ಇರುತ್ತದೆ. ನಿಮ್ಮ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಮೇಣದಬತ್ತಿ ಹಚ್ಚಿ ಹಳೆಯ ಪುಸ್ತಕ ಓದುವ ಆ ಜಾಣರ ಬಳಗಕ್ಕೆ ಸೇರಬೇಕಾದರೆ, ಮೈಮೇಲಿಂದ ಎಂದೂ ತೆಗೆಯದ ವಸ್ತುವನ್ನು ಒಪ್ಪಿಸಬೇಕಂತೆ. ಹಿರಿಯವಳು ಭಾಗ್ಯಶ್ರೀ ಕರಡಿಗೆಯನ್ನೇ ಒಪ್ಪಿಸಿದಳು. ಬಳಗ ಬಿಟ್ಟರೂ ವಸ್ತು ಮರಳುವುದಿಲ್ಲ. ಹೊರಗೆ ಬಾಯಿ ಬಿಡದಿರಲಿ ಎಂದು ಅದು ಒತ್ತೆ.

ಕಳೆದ ದೀಪಾವಳಿಗೆ ನಿಮ್ಮ ಹಾಸ್ಟೆಲಿನಿಂದ ಇಬ್ಬರೂ ಮನೆಗೆ ಬಂದಾಗ ಭಾಗ್ಯಶ್ರೀಯ ಕೊರಳು ಬರಿದಾಗಿತ್ತು. ಕೇಳಿದರೆ ದುಪಟ್ಟಾ ಎಳೆದು ಮುಚ್ಚಿಕೊಂಡಳು.

"ಕೊರಳಾಗ ಲಿಂಗಪ್ಪ ಇಲ್ಲಂದ್ರ ನನ್ನ ಪಂಕ್ತಿಗಿ ಕೂಡಬ್ಯಾಡ," ಎಂದೆ.

"ಹಬ್ಬದ ದಿನಾ ಹಿಂಗ್ಯಾಕ ಮಾಡ್ತೀರಿ?" ಎಂದಳು ಹೆಂಡತಿ ಮಂಗಲಾ.

ಕಿರಿಯವಳು ಜಯಮಾಲಾ ನಗಿಸಲು ನೋಡಿದಳು: "ಪಪ್ಪಾ, ನಿಮ್ಮ ಪಂಕ್ತಿಗಿ ಆಧಾರ್ ಕಾರ್ಡ್ ನಡೀತದೇನ್ರಿ?"

ನಾನು ನಗಲಿಲ್ಲ. ಐದು ದಿನ ಭಾಗ್ಯಶ್ರೀ ಅಡುಗೆಮನೆಯಲ್ಲಿ ಒಬ್ಬಳೇ ಉಂಡಳು. ಈ ಕತೆಯಲ್ಲಿ ನನ್ನ ಪಾಲಿನ ಅಪರಾಧ ಅದು. ಎಲ್ಲಿ ಬೇಕಾದರೂ ಒಪ್ಪಿಕೊಳ್ಳುತ್ತೇನೆ.

ಜಯಮಾಲಾ ಅಕ್ಕನ ಬಾಯಿ ಬಿಡಿಸಿದಳು. ಕಾಲೇಜು ತೆರೆದ ವಾರವೇ ಒಬ್ಬಳೇ ಆ ಕೋಣೆಗೆ ಹೋಗಿ ಕರಡಿಗೆ ಕೇಳಿದಳು. ಕಣ್ಣು ಕಟ್ಟಿಕೊಂಡು ಅದೇ ಕಟ್ಟಡದ ತಾರಸಿಯ ಅಂಚುಗೋಡೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದರೆ ಕೊಡುತ್ತೇವೆ ಎಂದರು. ಅಕ್ಕನಿಗಾಗಿ ನಡೆದಳು. ಮಧ್ಯಾಹ್ನ ಮೂರು ಗಂಟೆಗೆ, ನಿಮ್ಮ ಕಾವಲುಗಾರರ ಕಣ್ಣೆದುರಿಗೇ ಬಿದ್ದಳು.

ತಂಗಿ ಐಸಿಯುನಲ್ಲಿದ್ದಾಗ ಭಾಗ್ಯಶ್ರೀ ಆ ಕೋಣೆಯ ಬೀಗ ಒಡೆದು, ಒತ್ತೆಯ ಪೆಟ್ಟಿಗೆಯನ್ನು ನಿಮ್ಮ ಮೇಜಿನ ಮೇಲೆ ತಂದಿಟ್ಟಳು. ಅದರಲ್ಲಿ ಅವಳ ಕರಡಿಗೆಯ ಜೊತೆಗೆ ತಾಯಿತ, ಕಡಗ, ಜನಿವಾರ, ಯಾರದೋ ತೀರಿಹೋದ ತಾಯಿಯ ಉಂಗುರ. ಸಮಿತಿ ಬರೆದದ್ದೇನು? 'ವಾರಸುದಾರರಿಲ್ಲದ ವಸ್ತುಗಳು'. ಜಯಮಾಲಾ ಸೆಲ್ಫಿ ತೆಗೆಯುವಾಗ ಜಾರಿದಳಂತೆ! ಅವಳ ಫೋನು ಹಾಸ್ಟೆಲಿನಲ್ಲಿ ಚಾರ್ಜಿಗಿತ್ತು, ಸ್ವಾಮಿ. ಸೆಲ್ಫಿ ತೆಗೆದದ್ದು ಅಂಗೈಯಿಂದಲೇ? ಬೀಗ ಒಡೆದರೆ ಅಪರಾಧ, ಬೆನ್ನು ಮುರಿದರೆ ಅಜಾಗರೂಕತೆ! ಸಮಿತಿಯ ಸದಸ್ಯರಲ್ಲೊಬ್ಬರು ಅದೇ ಬಳಗದ ಹಳಬರು ಎಂದು ಮಗಳು ಹೇಳಿದ್ದು ನಿಮ್ಮ ವರದಿಯಲ್ಲಿ ಎಲ್ಲಿದೆ?

ನಿಮ್ಮ ಕಚೇರಿಯವರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಕಾಕಾ, ಏಕ್ ಗೇಲೀ, ದುಸರೀ ತರೀ ವಾಚವಾ," ಎಂದರು. ಒಬ್ಬಳು ಹೋದಳು, ಇನ್ನೊಬ್ಬಳನ್ನಾದರೂ ಉಳಿಸಿಕೊಳ್ಳಿ ಅಂತ. ಹೋಗಿಲ್ಲ, ಮಲಗಿದ್ದಾಳೆ. ಆದರೂ ಹೆದರಿದೆ. ಮನೆಗೆ ಬಂದು, "ಸೈ ಮಾಡಿಬಿಡವ್ವಾ, ಒಂದ್ ಕಾಗದಾ ಅಷ್ಟೇ," ಎಂದೆ.

"ಮಾಡ್ತೀನಿ ಪಪ್ಪಾ," ಎಂದಳು ಭಾಗ್ಯಶ್ರೀ. "ಮೊದಲ ಅದನ್ನ ಜಯಾನ ಮುಂದ ನೀವೇ ಓದ್ರಿ."

ಓದಲು ಕುಳಿತೆ. ಎರಡನೇ ಸಾಲಿನ 'ನನ್ನ ತಂಗಿಯ ಅಜಾಗರೂಕತೆಯಿಂದ' ಎನ್ನುವಲ್ಲಿಗೆ ಬಂದಾಗ ಜಯಮಾಲಾ ಗೋಡೆಯ ಕಡೆ ಮುಖ ತಿರುಗಿಸಿದಳು. ಈಗ ಅವಳಿಗೆ ತಿರುಗಿಸಲು ಬರುವುದು ಮುಖವೊಂದೇ.

ಆದ್ದರಿಂದ ಸಹಿ ಸಿಗುವುದಿಲ್ಲ. ಸೋಮವಾರ ಭಾಗ್ಯಶ್ರೀ ಪರೀಕ್ಷೆಯ ಪ್ರವೇಶಪತ್ರ ಕೇಳಲು ಬರುತ್ತಾಳೆ, ಕೊಡಿ. ಆ ಹಳಬರನ್ನು ಸಮಿತಿಯಿಂದ ಎಬ್ಬಿಸಿ. ಮತ್ತು ಇಷ್ಟು ದಿನ ನೀವು ಒಂದೇ ಒಂದು ಪ್ರಶ್ನೆ ಕೇಳದ ಸಾಕ್ಷಿ ಓಝರ್‌ನ ನಮ್ಮ ಮನೆಯಲ್ಲಿದ್ದಾಳೆ. ಬನ್ನಿ. ಹಾಸಿಗೆಯ ಪಕ್ಕ ಕುರ್ಚಿ ಹಾಕಿರುತ್ತೇವೆ. ನಿಮ್ಮ ವರದಿಯನ್ನು ಅವಳೆದುರು ನೀವೇ ಗಟ್ಟಿಯಾಗಿ ಓದಿ.

ಇಂತಿ,
ಎರಡನೇ ಸಾಲು ದಾಟಲಾಗದೆ ಎದ್ದುಬಂದ ತಂದೆ,
ಶಿವಲಿಂಗ
ಓಝರ್, ನಾಶಿಕ್ ಜಿಲ್ಲೆ