ಕವಲುದಾರಿಯ ಹಳದಿ ಬಾಣ

ವಾಲ್‌ಸೆಕೋ,
೨೩ ಏಪ್ರಿಲ್ ೧೯೯೬

ಪ್ರೀತಿಯ ಬೆನಿಗ್ನಾ ಅಕ್ಕನಿಗೆ ತಂಗಿ ಒಬ್ದೂಲಿಯಾಳ ನಮಸ್ಕಾರಗಳು.

ಮನೆ ಸೇರಿದ ಕೂಡಲೇ ಬರೆಯಬೇಕಿತ್ತು, ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಅತ್ತೆ ಹಾಸಿಗೆ ಬಿಟ್ಟು ಏಳುವುದಿಲ್ಲ, ಬಾಯಿಗೆ ಮಾತ್ರ ರಜೆಯಿಲ್ಲ. ಯಾತ್ರಿಕರೂ ಬರತೊಡಗಿದ್ದಾರೆ. ಮೊನ್ನೆ ಒಬ್ಬ ಜರ್ಮನಿಯವನು ಕಾಲಿನ ಬೊಕ್ಕೆ ತೋರಿಸುತ್ತಾ, "ನೀವು ಪುಣ್ಯವಂತರಮ್ಮ, ಯಾತ್ರೆ ದಾರೀಲೇ ಮನೆ" ಅಂದ. ಅವನ ಬೊಕ್ಕೆಗೆ ಸೂಜಿ ತುಸು ಜೋರಾಗಿಯೇ ಚುಚ್ಚಿದೆ.

ನೊಯೆಮಿಗೆ ರಕ್ತದೊತ್ತಡ ಇಳಿದಿಲ್ಲ. ಹೆರಿಗೆಯವರೆಗೂ ಲೆಯೋನಿನ ಆಸ್ಪತ್ರೆಯಲ್ಲೇ ಇರಬೇಕಂತೆ. ಅವಳು ತೊಟ್ಟಿಲಲ್ಲಿ ಜ್ವರಕ್ಕೆ ಕಣ್ಣು ಮೇಲೆ ಮಾಡಿದಾಗ, ಮಗಳು ಉಳಿದರೆ ಸಾಂತಿಯಾಗೋ ಪುಣ್ಯಕ್ಷೇತ್ರಕ್ಕೆ ನಡೆದು ಬರುತ್ತೇನೆಂದು ಹರಕೆ ಹೊತ್ತವಳು ನಾನು. ಅವಳು ಉಳಿದಳು, ನಾನು ಹೋಗಲಿಲ್ಲ. ಈಗ ಅವಳೇ ತಾಯಿಯಾಗುವ ಹೊತ್ತಿನಲ್ಲಿ ಆ ಹರಕೆ ತೀರಿಸಲೇಬೇಕು ಅನ್ನಿಸುತ್ತದೆ. ಎಲಾದಿಯೊ ಗಂಡನಾಗಿ ಹೇಳುವುದು ಒಂದೇ ಮಾತು: "ನೀ ಹೊರಟ್ರೆ ಅಮ್ಮನ್ನ ಮಗ್ಗುಲು ತಿರುಗಿಸೋರ್ಯಾರು? ಬಂದೋರಿಗೆ ಸೂಪು ಮಾಡೋರ್ಯಾರು? ಸಾಂತಿಯಾಗೋ ಎಲ್ಲೂ ಓಡಿಹೋಗಲ್ಲ ಬಿಡು."

ಅದಕ್ಕೇ ಅಕ್ಕನನ್ನು ನೋಡಿ ಬರುತ್ತೇನೆಂದು ಹೇಳಿ ಆಸ್ತೋರ್ಗಾಗೆ, ನಿನ್ನ ಕನ್ಯಾಸ್ತ್ರೀ ಮಠಕ್ಕೆ, ಬಸ್ಸು ಹತ್ತಿದೆ. ಸಂಜೆ ಭೇಟಿಕೋಣೆಯ ಸರಳುಗಳ ಆಚೆ ಕೂತು, ಅಲ್ಲಿಂದಲೇ ಸಾಂತಿಯಾಗೋಗೆ ನಡೆದು ಹೋಗುವ ನನ್ನ ಗುಟ್ಟನ್ನೆಲ್ಲ ನೀನು ಕೇಳಿಸಿಕೊಂಡೆ. ಯಾತ್ರಿಕರು ನಮ್ಮ ಮನೆ ಮುಂದೆಯೇ ಹಾಯಲೆಂದು ಎಲಾದಿಯೊ ಕವಲುದಾರಿಯ ಬಂಡೆಗೆ, ಯಾತ್ರೆ ದಾರಿ ತೋರಿಸುವ ಹಳದಿ ಬಾಣಗಳಂತೆಯೇ, ತನ್ನದೇ ಬಾಣ ಬಳಿದಿದ್ದಾನೆ, ನಾನು ಅದಕ್ಕೆ ಬೆನ್ನು ಹಾಕಿ ನಡೆದರೆ ಹಳೇ ದಾರಿ ಸಿಕ್ಕಿ, ಊರಿನವರ ಕಣ್ಣಿಗೆ ಬೀಳದೆ ಬೆಟ್ಟ ಹತ್ತಬಹುದು ಅಂದಾಗ ನಾವಿಬ್ಬರೂ ನಕ್ಕೆವು. ಬೆಳಿಗ್ಗೆ ಸರಳಿನ ಸಂದಿಯಿಂದ ಕೈ ತೂರಿಸಿ ನನ್ನ ಹಣೆಗೆ ಶಿಲುಬೆ ಬರೆದು, "ಹೋಗಿ ಬಾ ಪುಟ್ಟಿ" ಅಂದೆ.

ಬೆಟ್ಟದ ಮೇಲಿನ ಕಬ್ಬಿಣದ ಶಿಲುಬೆಯ ಬುಡಕ್ಕೆ ಎಲ್ಲ ಯಾತ್ರಿಕರಂತೆ ಹಾಕಲೆಂದು ನಮ್ಮ ಹೊಸ್ತಿಲ ಬಳಿಯ ಕಲ್ಲೊಂದು ಜೇಬಿನಲ್ಲಿತ್ತು. ದಾರಿಯಲ್ಲಿ ಒಬ್ಬ ಕಾಫಿ ಅಂಗಡಿಯವಳು, "ಎಲ್ಲಿಂದ ಬರ್ತಿದೀರಿ ತಾಯಿ?" ಅಂದಳು. "ದೂರದಿಂದ" ಅಂದೆ. ಅಕ್ಕಾ, ಅಷ್ಟು ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಮಧ್ಯಾಹ್ನ ಮಂಜು ಇಳಿಯಿತು. ಕವಲು ಬಂದಾಗ ಪಕ್ಕದ ಮರವೂ ಕಾಣುತ್ತಿರಲಿಲ್ಲ. ಯಾವಾಗಲೂ ಬಸ್ಸಿನಲ್ಲೇ ಓಡಾಡಿದವಳು, ಆ ಜಾಗ ನನಗೆ ಹೊಸದು. ಬಂಡೆಗೆ ಒರಗಿ ಮುಖವಿಟ್ಟು ನೋಡಿದೆ. ಬಾಣ ಬಲಕ್ಕಿತ್ತು. ನಾನು ಎಡಕ್ಕೆ ತಿರುಗಿದೆ. ಸುಮಾರು ದೂರ ಹೋದ ಮೇಲೆ ಮಂಜಿನೊಳಗಿಂದ ಒಂದು ನಾಯಿ ಬಾಲ ಅಲ್ಲಾಡಿಸುತ್ತಾ ಬಂತು. ನಮ್ಮದೇ ನಾಯಿ. ಅದರ ಹಿಂದೆ ನಮ್ಮದೇ ಬಾಗಿಲು.

ಬಾಗಿಲಲ್ಲಿ ಎಲಾದಿಯೊ ನಿಂತಿದ್ದ. "ಬಂದ್ಯಾ? ಸೂಪು ಒಲೆ ಮೇಲಿದೆ, ಉಪ್ಪು ನೋಡು" ಅಂದ. ಬೆನ್ನ ಮೇಲಿನ ಗಂಟು ಯಾಕೆ, ನಡೆದು ಯಾಕೆ ಬಂದೆ ಎಂದು ಕೇಳಲಿಲ್ಲ. ಒಳಗಿಂದ ಅತ್ತೆ, "ಒಬ್ದೂಲಿಯಾ, ಬೆನ್ನು ಉರೀತಿದೆ ಕಣೇ, ಮಗ್ಗುಲು ತಿರುಗಿಸು" ಅಂದರು. ಮತ್ತೆ ಹೊರಡಬಹುದಿತ್ತು ಅನ್ನುತ್ತೀಯೇನೋ. ನಾನು ಕೋಟು ಬಿಚ್ಚಿದೆ, ಅವರನ್ನು ತಿರುಗಿಸಿದೆ. ಅವತ್ತು ಒಬ್ಬ ಯಾತ್ರಿಕನೂ ನಮ್ಮಲ್ಲಿಗೆ ಬರಲಿಲ್ಲ. ಅಷ್ಟೂ ಸೂಪು ಉಳಿದರೂ ಎಲಾದಿಯೊ ಗೊಣಗಲಿಲ್ಲ. ಆ ಕಲ್ಲು ಈಗ ಅಡುಗೆಮನೆಯ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇದೆ.

ನಿನ್ನ ಮಂಡಿನೋವು ಹೇಗಿದೆ? ತಣ್ಣನೆಯ ನೆಲದ ಮೇಲೆ ಬಹಳ ಹೊತ್ತು ಮಂಡಿಯೂರಬೇಡ. ನೊಯೆಮಿಗಾಗಿ ಪ್ರಾರ್ಥಿಸು. ಮಾತೆ ಮರಿಯಳು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಒಬ್ದೂಲಿಯಾ

ಮರೆತ ಮಾತು: ನಿನ್ನೆ ಕೋಟು ಒಗೆಯಲು ತೆಗೆದೆ. ತೋಳಿನ ತುಂಬ ಹಳದಿ ಬಣ್ಣ. ಬಂಡೆಗೆ ಒರಗಿದ್ದೆನಲ್ಲ, ಬಾಣ ಇನ್ನೂ ಒಣಗಿರಲಿಲ್ಲ. ಎಲಾದಿಯೊ ಹಳೆಯದನ್ನು ಅಳಿಸಿ ಅವತ್ತೇ ಬೇರೆ ಕಡೆಗೆ ತಿರುಗಿಸಿ ಬಳಿದಿದ್ದಾನೆ. ಬಾಣಕ್ಕೆ ಬೆನ್ನು ಹಾಕಿ ನಡೆಯುತ್ತೇನೆಂದು ನಾನು ಹೇಳಿದ್ದು ಈ ಲೋಕದಲ್ಲಿ ನಿನ್ನೊಬ್ಬಳಿಗೆ. ನಿಮ್ಮ ಮಠದ ಫೋನು ಬಾಗಿಲ ಪಕ್ಕದಲ್ಲೇ ಇದೆ, ನೋಡಿದ್ದೇನೆ. ನನ್ನ ಒಳ್ಳೆಯದಕ್ಕೇ ಮಾಡಿರುತ್ತೀಯ. ಒಂದನ್ನು ಮಾತ್ರ ಬರೆದು ತಿಳಿಸು ಅಕ್ಕಾ: ನನ್ನ ಹಣೆಗೆ ಶಿಲುಬೆ ಬರೆದು "ಹೋಗಿ ಬಾ" ಅಂದಾಗ, ಫೋನು ಮಾಡಿ ಆಗಿತ್ತೋ, ಇನ್ನೂ ಮಾಡಬೇಕಿತ್ತೋ?