ದಾರಿಯಲ್ಲಿ ಬಿದ್ದುಹೋದ ‘ಅಲ್ಲ’

ಮಾನ್ಯ ವಿಚಾರಣಾಧಿಕಾರಿಗಳೇ,

ಕಳೆದ ತಿಂಗಳು ನೀವು ಒಬ್ಬ ಕಾರ್ಮಿಕ ಹೆಂಗಸಿನ ಅಪಘಾತ ಪರಿಹಾರದ ಅರ್ಜಿಯನ್ನು, ಆಕೆ ಹೇಳದೇ ಇದ್ದ ಮಾತಿನ ಆಧಾರದ ಮೇಲೆ ವಜಾ ಮಾಡಿದ್ದೀರಿ. ಆಕೆ ನಿಜವಾಗಿ ಹೇಳಿದ ಮಾತು ನಿಮ್ಮ ಕಿವಿಗೆ ಮುಟ್ಟದಂತೆ ಮಾಡಿದವನು ನಾನು. ತಪ್ಪು ನನ್ನದು, ಆದೇಶ ನಿಮ್ಮದು, ಶಿಕ್ಷೆ ಮಾತ್ರ ಆಕೆಯದು. ಈ ಹಂಚಿಕೆ ನ್ಯಾಯವೆಂದು ನಿಮಗೆ ಅನ್ನಿಸುವುದಾದರೆ ಮುಂದೆ ಓದುವ ಶ್ರಮ ತೆಗೆದುಕೊಳ್ಳಬೇಡಿ.

ನಾನು ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಕಂಪ್ಯೂಟರು, ಪ್ರಿಂಟರು, ಇಂಟರ್‌ನೆಟ್ಟು ನೋಡಿಕೊಳ್ಳುವವನು. ಜನರು ನಿಮ್ಮ ಕಚೇರಿಗೆ ಅಲೆಯದಿರಲಿ ಎಂಬ ಘನ ಉದ್ದೇಶದಿಂದ ನಮ್ಮ ಹಿಂದಿನ ಕೋಣೆಯನ್ನು ವಿಡಿಯೋ ವಿಚಾರಣೆಗೆ ಬಿಟ್ಟುಕೊಡಲಾಗಿದೆ. ಒಂದು ಮೇಜು, ಎರಡು ಕುರ್ಚಿ, ಒಂದು ಕಂಪ್ಯೂಟರು, ಗೋಡೆಗೆ ಆನಿಸಿದ ಕಬ್ಬಿಣದ ಬೀರು. ಪಕ್ಕದ ಕೋಣೆಯ ಕಪಾಟಿನ ಮೇಲೆ ಅಂಗೈ ಅಗಲದ ರೂಟರ್. ಅಲ್ಲಿಂದ ಒಂದು ತಂತಿ ಬೀರುವಿನ ಹಿಂದಿನಿಂದ ಹಾದು ಕಂಪ್ಯೂಟರಿಗೆ ಬರುತ್ತದೆ. ಆ ತಂತಿಯನ್ನು ಎಳೆದವನು, ಅದರ ತುದಿಗೆ ಪ್ಲಗ್ ಕೂರಿಸಿದವನು ನಾನೇ.

ವಿಚಾರಣೆಗೆ ಮೂರು ವಾರ ಮೊದಲಿನಿಂದಲೂ ಆ ಕೋಣೆಯಲ್ಲಿ ಮಾತು ತುಂಡಾಗುತ್ತಿತ್ತು. ಒಬ್ಬ ಪಿಂಚಣಿದಾರರು, “ನಾನು ಒಂದು ಹೇಳಿದ್ರೆ ಅವರು ಅರ್ಧ ಕೇಳಿಸ್ಕೊಳ್ತಾರೆ ಕಣಪ್ಪ” ಎಂದು ದೂರಿದ್ದರು. ಇಂಥದ್ದಕ್ಕೆ ನನ್ನ ಬಳಿ ಒಂದೇ ಮದ್ದು: ರೂಟರ್ ಆರಿಸುವುದು, ಹತ್ತು ಎಣಿಸಿ ಹಚ್ಚುವುದು. ಅರ್ಧ ದಿನ ಸರಿಹೋಗಿದೆ ಎಂದು ಭ್ರಮಿಸುವುದು. ಮತ್ತೆ ಕೆಟ್ಟರೆ ಸಂಪರ್ಕ ಕೊಟ್ಟ ಕಂಪನಿಯನ್ನು ಬೈಯುವುದು. ಮೂರು ದೂರು ಬರೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲಕ್ಕೆ ಮೂರು ನೋಟಿಸು ಕೊಟ್ಟೆ.

ಆ ಹೆಂಗಸು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವರು. ನಮ್ಮ ಓದುವ ಕೋಣೆಗೆ ಬರುವ ಅವರನ್ನು ನಾವೆಲ್ಲ ಇಸ್ತ್ರಿ ಅಕ್ಕ ಅನ್ನುತ್ತೇವೆ. ಎರಡು ಬಿಸಿ ಉರುಳೆಗಳ ನಡುವೆ ಬಟ್ಟೆ ನುಗ್ಗಿಸುವ ಯಂತ್ರ. ಕೈ ಒಳಗೆ ಹೋಗದಂತೆ ಮುಂದೆ ಒಂದು ತಡೆಪಟ್ಟಿ ಇರಬೇಕು. ಅವತ್ತು ಅದು ಇರಲಿಲ್ಲ. ಬಲಗೈಯ ಮೂರು ಬೆರಳು ಹೋದವು. ಪಟ್ಟಿ ತೆಗೆದವರು ಯಾರು ಎಂಬುದೇ ನಿಮ್ಮ ಮುಂದಿದ್ದ ಏಕೈಕ ಪ್ರಶ್ನೆ.

ವಿಚಾರಣೆಯ ದಿನ ಅಕ್ಕ ಒಂದು ಗಂಟೆ ಮೊದಲೇ ಬಂದರು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, “ಸರ್, ಕ್ಯಾಮೆರಾದಲ್ಲಿ ಕೈ ತೋರಿಸಬೇಕಾಗುತ್ತಾ?” ಎಂದು ಕೇಳಿದರು. “ಕೇಳಿದ್ರೆ ತೋರಿಸಿ ಅಕ್ಕ” ಎಂದೆ. ನೀವು ಕೇಳಲಿಲ್ಲ. ನೀವು ಕೇಳಿದ್ದು, “ತಡೆಪಟ್ಟಿ ತೆಗೆದವರು ಯಾರು?”

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಅಕ್ಕ ಹೇಳಿದ್ದು ಅಕ್ಷರಶಃ ಇದು: “ಆ ಪಟ್ಟಿ ನಾನು ತೆಗೆದಿದ್ದು ಅಲ್ಲ ಸರ್, ಕೆಲಸ ಬೇಗ ಆಗ್ಲಿ ಅಂತ ಸೂಪರ್‌ವೈಸರ್ ಬಿಚ್ಚಿಸಿದ್ದು.” ಪರದೆಯ ಮೇಲೆ ನಿಮ್ಮ ಮುಖ ಒಂದು ಕ್ಷಣ ನಿಂತಿತು. ಆಮೇಲೆ ನಿಮ್ಮ ಧ್ವನಿ ಬಂತು: “ನಾನು ತೆಗೆದಿದ್ದು ಅಂದ್ರಿ, ಅಲ್ವಾ?” ಅಕ್ಕ ಗಾಬರಿಯಿಂದ ಮುಂದಕ್ಕೆ ಬಾಗಿ, “ಅಲ್ಲ ಸರ್, ಅಲ್ಲ” ಎಂದರು. ಚಿತ್ರ ಮತ್ತೆ ಕಲ್ಲಾಯಿತು. “ಸರಿ, ಬರ್ಕೊಂಡೆ. ಮುಂದಕ್ಕೆ ಹೋಗೋಣ” ಎಂದಿರಿ.

ಅಕ್ಕ ನನ್ನ ಕಡೆ ತಿರುಗಿ ಪಿಸುಗುಟ್ಟಿದರು: “ಕೇಳಿಸ್ತಾ ಅವರಿಗೆ?”

ಕೇಳಿಸಿಲ್ಲವೆಂದು ನನಗೆ ಗೊತ್ತಾಗಿತ್ತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಅಷ್ಟೂ ಗೊತ್ತಾಗದೇ? ಒಂದು ಕೈ ಎತ್ತಿ, “ಸ್ವಾಮಿ, ಮಾತು ತುಂಡಾಗ್ತಿದೆ, ಇನ್ನೊಮ್ಮೆ ಕೇಳಿ” ಎಂದಿದ್ದರೆ ಮುಗಿದಿತ್ತು. ಆದರೆ ‘ಸಂಪರ್ಕ ಪರೀಕ್ಷಿಸಲಾಗಿದೆ, ತೃಪ್ತಿಕರವಾಗಿದೆ’ ಎಂಬ ನಿಮ್ಮ ನಮೂನೆಗೆ ನಾನು ಸಹಿ ಹಾಕಿ ಕಳಿಸಿದ್ದೆ. ಪರೀಕ್ಷಿಸಿ ಅಲ್ಲ, ಸೋಮವಾರವೇ ಇಡೀ ವಾರದ ನಮೂನೆಗಳಿಗೆ ಒಟ್ಟಿಗೆ ಸಹಿ ಗೀಚಿಬಿಡುವುದು ನನ್ನ ರೂಢಿ. ಬಾಯಿ ಬಿಟ್ಟರೆ ಬಣ್ಣಗೇಡು. ಹಾಗಾಗಿ ನಾನು, “ಕೇಳಿಸಿರುತ್ತೆ ಅಕ್ಕ” ಎಂದೆ.

ಹನ್ನೊಂದು ದಿನಗಳ ಮೇಲೆ ಅಕ್ಕ ಆದೇಶದ ಪ್ರತಿ ಹಿಡಿದು ಜೆರಾಕ್ಸ್ ಮಾಡಿಸಲು ಬಂದರು. ಅದರಲ್ಲಿ ಹೀಗಿತ್ತು: “ಅರ್ಜಿದಾರರು ‘ಆ ಪಟ್ಟಿ ನಾನು ತೆಗೆದಿದ್ದು’ ಎಂದು ಒಪ್ಪಿಕೊಂಡಿದ್ದು, ಮರುಪ್ರಶ್ನಿಸಿದಾಗ ಮೌನ ವಹಿಸಿರುತ್ತಾರೆ.” ನಾನು ತಲೆ ಎತ್ತಲಿಲ್ಲ. ಅಕ್ಕ ತಾವಾಗಿಯೇ ಹೇಳಿದರು, “ನಂದೇ ತಪ್ಪು ಸರ್. ಹೆದರಿಕೇಲಿ ನಾಲಿಗೆ ತಡವರಿಸಿರಬೇಕು. ಅಷ್ಟು ದಿನ ಮನೇಲಿ ಹೇಳಿಹೇಳಿ ಅಭ್ಯಾಸ ಮಾಡಿದ್ದೆ.”

ಅವರು ಹೋದಮೇಲೆ, ವಿಚಾರಣೆಗೆ ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಕೂತೆ. ಇಂಟರ್‌ನೆಟ್ಟಿನಲ್ಲಿ ಮಾತು ನೀರಿನಂತೆ ಹರಿಯುವುದಿಲ್ಲ ಸ್ವಾಮಿ. ಚೂರುಚೂರಾಗಿ, ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಪೊಟ್ಟಣ ಬಿದ್ದುಹೋದರೆ ಅದರೊಳಗಿನ ಮಾತೂ ಹೋಯಿತು. ಮೊದಲು ರೂಟರಿನಿಂದ ಹೊರಗಿನ ಲೋಕಕ್ಕೆ ನೂರು ಪೊಟ್ಟಣ ಕಳಿಸಿ ನೋಡಿದೆ. ನೂರೂ ಮುಟ್ಟಿದವು, ಕಂಪನಿ ನಿರಪರಾಧಿ. ಆಮೇಲೆ ವಿಚಾರಣೆಯ ಕಂಪ್ಯೂಟರಿನಿಂದ ಪಕ್ಕದ ಕೋಣೆಯ ರೂಟರಿಗೆ ನೂರು ಕಳಿಸಿದೆ. ಹತ್ತು ಹೆಜ್ಜೆಯ ದಾರಿಯಲ್ಲಿ ಹದಿನೇಳು ಕಾಣೆಯಾದವು. ಬೀರು ಸರಿಸಿ ತಂತಿ ಬಿಚ್ಚಿದೆ. ಪ್ಲಗ್ಗಿನೊಳಗಿನ ಎಂಟು ಎಳೆಗಳಲ್ಲಿ ಒಂದು ಪೂರ್ತಿ ಕೂತಿರಲೇ ಇಲ್ಲ. ಬೀರುವಿನ ಒತ್ತಡಕ್ಕೆ ಒಮ್ಮೆ ತಾಗುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಹೊಸ ತಂತಿ ಹಾಕಿದೆ. ನೂರಕ್ಕೆ ನೂರು. ಇಡೀ ಕೆಲಸಕ್ಕೆ ಹಿಡಿದದ್ದು ನಲವತ್ತು ನಿಮಿಷ.

ನಮ್ಮ ಭಾಷೆಯಲ್ಲಿ ‘ಅಲ್ಲ’ ಬರುವುದು ಮಾತಿನ ಕೊನೆಯಲ್ಲಿ. ಬಾಲ ಕತ್ತರಿಸಿದರೆ ನಿರಾಕರಣೆಯೇ ತಪ್ಪೊಪ್ಪಿಗೆಯಾಗುತ್ತದೆ. ಜನ್ಮವಿಡೀ ಈ ಭಾಷೆ ಆಡಿದ ನಿಮಗೆ, ಮುಖ ಕಲ್ಲಾಗಿ ನಿಂತ ಹೆಂಗಸಿನ ಮಾತು ಮುಗಿಯಿತೋ ಇಲ್ಲವೋ ಎಂಬ ಅನುಮಾನವೂ ಬರಲಿಲ್ಲವೇ? ತುಟಿ ಅಲುಗದೆ, ರೆಪ್ಪೆ ಬಡಿಯದೆ ಯಾರಾದರೂ ಮೌನ ವಹಿಸುವುದುಂಟೇ?

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ತಟ್ಟೆ ಒರೆಸುತ್ತಲೇ, “ನನ್ನ ಹತ್ರ ಹೇಳಿದ್ರೆ ನಿಮಗೆ ಹಗುರ ಆಗುತ್ತೆ. ಅವರಿಗೇನು ಬಂತು?” ಎಂದಳು.

ಮರುದಿನ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಒಪ್ಪಿಸಿದೆ: ತಂತಿ, ಸಹಿ, ‘ಕೇಳಿಸಿರುತ್ತೆ’ ಎಂದ ಸುಳ್ಳು, ಎಲ್ಲವನ್ನೂ. ಬೈಯುತ್ತಾರೆಂದು ಕಾದೆ. ಅವರು ಮೆಲ್ಲನೆ, “ಹಂಗಾದ್ರೆ ನಾನು ಸರಿಯಾಗೇ ಹೇಳಿದ್ದೆ” ಎಂದರು. ಆ ಮುಖದಲ್ಲಿ ಕಂಡದ್ದು ನೆಮ್ಮದಿ. ಆದೇಶ ಕೈಗೆ ಬಂದಾಗಿನಿಂದ ಅವರು ತಮ್ಮ ನಾಲಿಗೆಯನ್ನೇ ಶಪಿಸಿಕೊಂಡಿದ್ದರು. ಆಮೇಲೆ ಇನ್ನೊಂದು ಮಾತು ಬಂತು: “ಪಕ್ಕದಲ್ಲೇ ಕೂತಿದ್ರಲ್ಲ ಸರ್. ಅವತ್ತೇ ಒಂದು ಮಾತು ಅನ್ನಬಹುದಿತ್ತು.”

ಮೊದಲು ನಿಮಗೆ ಖಾಸಗಿಯಾಗಿಯೇ ಬರೆದೆ. ನಿಮ್ಮ ಕಚೇರಿಯ ಉತ್ತರ ಎರಡು ಸಾಲಿನದು: ಸಂಪರ್ಕ ತೃಪ್ತಿಕರವೆಂಬ ನನ್ನದೇ ಸಹಿಯ ಪತ್ರ ಕಡತದಲ್ಲಿರುವುದರಿಂದ ಮನವಿ ಪರಿಗಣಿಸಲು ಬರುವುದಿಲ್ಲ. ವಿಚಾರಣೆಯ ಧ್ವನಿಮುದ್ರಣ ಇಡುವ ಪದ್ಧತಿಯೂ ಇಲ್ಲವಂತೆ. ಎಂಥ ಅಚ್ಚುಕಟ್ಟು! ನಾನು ಸುಳ್ಳು ಹೇಳಿದಾಗ ಕಣ್ಣು ಮುಚ್ಚಿ ನಂಬಿದಿರಿ. ನಿಜ ಹೇಳಿದರೆ ಸುಳ್ಳನ್ನೇ ಸಾಕ್ಷಿಯಾಗಿ ತೋರಿಸುತ್ತೀರಿ.

ಹಾಗಾಗಿ ಈಗ ಬಹಿರಂಗವಾಗಿ ಕೇಳುತ್ತಿದ್ದೇನೆ. ಆ ಆದೇಶವನ್ನು ರದ್ದುಮಾಡಿ. ಅಕ್ಕನನ್ನು ಪರದೆಯಲ್ಲಲ್ಲ, ಎದುರಿಗೆ ಕೂರಿಸಿಕೊಂಡು ಕೇಳಿ, ಬರೆದುಕೊಂಡದ್ದನ್ನು ಅವರಿಗೆ ಓದಿ ಹೇಳಿ. ತಂತಿ ಕೆಟ್ಟಿದ್ದ ಅಷ್ಟೂ ವಾರ ನನ್ನ ಸಹಿಯ ಮೇಲೆ ನಡೆದ ಉಳಿದ ವಿಚಾರಣೆಗಳನ್ನೂ ತೆರೆಯಿರಿ. ಇನ್ನೆಷ್ಟು ಜನ ಮನೆಯಲ್ಲಿ ಕೂತು ತಮ್ಮನ್ನೇ ಹಳಿದುಕೊಳ್ಳುತ್ತಿದ್ದಾರೋ ನನಗೆ ತಿಳಿಯದು. ಈ ಪತ್ರ ಅಚ್ಚಾದರೆ ನನ್ನ ಕೆಲಸ ಹೋಗುತ್ತದೆಂದು ಗ್ರಂಥಪಾಲಕಿ ಎಚ್ಚರಿಸಿದ್ದಾರೆ. ಹೋಗಬೇಕಾದದ್ದೇ. ನೀವು ಯಾವ ದಿನ ಹೇಳಿದರೂ ಅಕ್ಕನ ಜೊತೆ ಬಂದು ನಿಮ್ಮ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ. ಸಾಕ್ಷಿ ಬೇಕೆಂದು ಕರೆದರೆ ಒಳಗೆ ಬರುತ್ತೇನೆ. ಕರೆಯದಿದ್ದರೂ ಬರುತ್ತೇನೆ.

ಇಂತಿ,
ಗಂಟಲು ನೆಟ್ಟಗಿದ್ದೂ ಅವತ್ತು ಮೂಕನಾದ,
ನೆಟ್‌ವರ್ಕ್ ರಿಪೇರಿಯವನು