ಹುಲ್ಲಿನ ಪೆಟ್ಟಿಗೆಯಲ್ಲಿ ಅನ್ನ ಮಾಡಿದ ಅಪರಾಧದ ಕುರಿತು

ಮಾನ್ಯ ವಿದ್ಯಾರ್ಥಿನಿಲಯಗಳ ಮೇಲ್ವಿಚಾರಣಾಧಿಕಾರಿಗಳೇ,

ನಮ್ಮ ಹಾಸ್ಟೆಲಿನ ಅಡುಗೆಯ ಬೆಳ್ಳಮ್ಮನನ್ನು ತಾವು ಸಂಕ್ರಾಂತಿಯ ಮರುದಿನದಿಂದ ಕೆಲಸದಿಂದ ನಿಲ್ಲಿಸಿದ್ದೀರಿ. ಅನ್ನ ಸೀದಿದ್ದಕ್ಕಲ್ಲ, ಅಕ್ಕಿ ಕದ್ದಿದ್ದಕ್ಕಲ್ಲ. ಸೌದೆ ಉಳಿಸಿದ್ದಕ್ಕೆ. ಹದಿನಾರು ವರ್ಷ ಒಲೆಯ ಮುಂದೆ ಕೂತು ಕೆಮ್ಮಿದ ಹೆಂಗಸು ಕೊನೆಗೆ ಕೆಲಸ ಕಳೆದುಕೊಂಡದ್ದು ತಮ್ಮ ಭಾಷಣವೊಂದನ್ನು ನಂಬಿದ್ದರಿಂದ. ನಂಬುವಂತೆ ಮಾಡಿದವರು ನಾನು ಮತ್ತು ನನ್ನ ಕೋಣೆಯ ಗೆಳತಿ ಹುಲಿಕಲ್ಲಿನ ಹೂವಮ್ಮ. ಆದ್ದರಿಂದ ಈ ಪತ್ರ ಬರೆಯುವ ಹೊಣೆಯೂ ನಮ್ಮದೇ. ಹಾಸ್ಟೆಲಿನ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಬರೆಯುವುದಿಲ್ಲ. ತಮಗೆ ಗೊತ್ತು, ನಮಗೆ ಗೊತ್ತು. ಹೊಸನಗರದಿಂದ ತೀರ್ಥಹಳ್ಳಿಯವರೆಗಿನ ಈ ಪತ್ರಿಕೆಯ ಉಳಿದ ಓದುಗರು ಊಹೆ ಮಾಡಿಕೊಂಡು ಸ್ವಲ್ಪ ಸುಖಪಡಲಿ.

ಕಳೆದ ಜುಲೈಯಲ್ಲಿ ವನಮಹೋತ್ಸವಕ್ಕೆಂದು ತಾವು ನಮ್ಮಲ್ಲಿಗೆ ದಯಮಾಡಿಸಿದ್ದು ನೆನಪಿರಬೇಕು. ಹೊರಗೆ ಮಳೆ ಹುಯ್ಯುತ್ತಿತ್ತು. ಒಳಗೆ ತಾವು ಮಾತನಾಡುತ್ತಿದ್ದಿರಿ. ಎರಡೂ ಬೇಗ ನಿಲ್ಲುವ ಲಕ್ಷಣ ಕಾಣಲಿಲ್ಲ. ಆದರೆ ಮಾತು ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಕಾಡು ಕರಗಿದರೆ ಮಳೆಯ ಲೆಕ್ಕಾಚಾರವೇ ತಪ್ಪುತ್ತದೆ ಎಂದಿರಿ. ನಾವೆಲ್ಲ ಉರಿಸುವ ಹೊಗೆ ಮೇಲೆ ಸೇರಿ ಸೇರಿ ಭೂಮಿಗೇ ಜ್ವರ ಬರುವಂತಾಗಿದೆ ಎಂದು ದೊಡ್ಡ ವಿಜ್ಞಾನಿಗಳು ಹೇಳುತ್ತಿರುವುದನ್ನು ಪತ್ರಿಕೆಯಲ್ಲಿ ಓದಿದ್ದಾಗಿ ಹೇಳಿದಿರಿ. "ಇದಕ್ಕೆ ಸರ್ಕಾರವೇ ಏನಾದರೂ ಮಾಡಲಿ ಎಂದು ಕೂರಬೇಡಿ. ವಿದ್ಯಾರ್ಥಿನಿಯರು ಮನಸ್ಸು ಮಾಡಿದರೆ ದಿನನಿತ್ಯದ ಬದುಕಿನಲ್ಲೇ ಎಷ್ಟೋ ಮಾಡಬಹುದು" ಎಂದು ಮೇಜು ಗುದ್ದಿದಿರಿ. ಸೌದೆ ಕಡಿಮೆ ಉರಿಸಿ, ಬೇಡದ ದೀಪ ಆರಿಸಿ, ನಡೆದು ಹೋಗಬಹುದಾದಲ್ಲಿ ನಡೆದು ಹೋಗಿ, ಹಸಿ ಕೊಂಬೆ ಮುರಿಯಬೇಡಿ. ನಾನು ನೋಟ್ಸ್ ಬರೆದುಕೊಂಡೆ. ಅಧಿಕಾರಿಗಳ ಭಾಷಣವನ್ನು ಬರೆದುಕೊಳ್ಳುವ ಹುಡುಗಿ ಮುಂದೆ ತೊಂದರೆ ಕೊಡುತ್ತಾಳೆಂದು ತಮಗೆ ಆಗಲೇ ಹೊಳೆಯಬೇಕಿತ್ತು.

ನಾವು ಮನಸ್ಸು ಮಾಡಿದೆವು. ಎರಡು ಮೈಲಿ ದೂರದ ಕಾಲೇಜಿಗೆ ನಡೆದೇ ಹೋದೆವು. ತಾವು ಜೀಪಿನಲ್ಲಿ ಹೋಗುತ್ತ ನಮಗೆ ಒಮ್ಮೆ ಕೈ ಬೀಸಿದ್ದೂ ಉಂಟು. ಕೋಣೆಗೊಂದು ದೀಪ ಹಚ್ಚುವುದನ್ನು ಬಿಟ್ಟು ನಲವತ್ತು ಹುಡುಗಿಯರೂ ಊಟದ ಹಾಲಿನ ಒಂದೇ ದೀಪದ ಕೆಳಗೆ ಓದಿದೆವು. ಬಿಸಿನೀರಿನ ಸ್ನಾನ ದಿನ ಬಿಟ್ಟು ದಿನ ಎಂದು ಗೊತ್ತುಮಾಡಿಕೊಂಡೆವು. ಮಲೆನಾಡಿನ ಆಗಸ್ಟ್ ತಿಂಗಳಲ್ಲಿ ತಣ್ಣೀರು ಸುರಿದುಕೊಳ್ಳುವುದು ಎಂಥ ದೇಶಸೇವೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಆದರೂ ಅಡುಗೆಮನೆಯ ಒಲೆ ಮಾತ್ರ ಬಕಾಸುರನಂತೆ ಕಟ್ಟಿಗೆ ತಿನ್ನುತ್ತಲೇ ಇತ್ತು. ಆಗ ಹೂವಮ್ಮ ತನ್ನ ಅಜ್ಜಿಯ ವಿದ್ಯೆಯನ್ನು ಹೊರತೆಗೆದಳು.

"ನಮ್ಮಜ್ಜಿ ಗದ್ದೆ ನೆಟ್ಟಿಗೆ ಹೋಗೋವಾಗ ಗಂಜಿ ಒಂದು ಕುದಿ ಕುದಿಸಿ, ಪಾತ್ರೆನ ಒಣಹುಲ್ಲಲ್ಲಿ ಹುಗಿದಿಟ್ಟು ಹೋಗ್ತಾರೆ. ಗದ್ದೆಯಿಂದ ಬರೋ ಹೊತ್ತಿಗೆ ಬೆಂದಿರ್ತದೆ. ಒಲೆ ಆರಿ ತಣ್ಣಗಾಗಿರ್ತದೆ" ಎಂದಳು.

ಬೆಳ್ಳಮ್ಮ, ನಾವು ಬೆಳ್ಳಕ್ಕ ಎನ್ನುತ್ತೇವೆ, ಸೌಟು ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟು ನಿಂತಳು. "ಹುಲ್ಲು ದನಕ್ಕೆ ಹಾಕಿ ಗೊತ್ತು ಮಾರಾಯ್ತಿ, ಅಕ್ಕಿಗೆ ಹಾಕಿ ಗೊತ್ತಿಲ್ಲ. ನಿಮ್ಮಜ್ಜಿ ನಾಕು ಜನಕ್ಕೆ ಮಾಡ್ತಾರೆ. ಇಲ್ಲಿ ನಲವತ್ತು ಹೊಟ್ಟೆ. ಅನ್ನ ಆಗ್ದಿದ್ರೆ ಬೈಗುಳ ಯಾರಿಗೆ, ನಿಮ್ಮಜ್ಜಿಗಾ?"

"ಸಾಹೇಬರೇ ಹೇಳಿದ್ದಾರೆ ಬೆಳ್ಳಕ್ಕ, ಸೌದೆ ಉಳಿಸಿ ಅಂತ" ಎಂದು ನಾನು ನೋಟ್ಸ್ ತೋರಿಸಿದೆ. ಆಕೆಗೆ ಆಗ ಓದಲು ಬರುತ್ತಿರಲಿಲ್ಲ. ಆದರೆ ಸಾಹೇಬರು ಹೇಳಿದ್ದು ಎಂದಮೇಲೆ ಆಯಿತು ಎಂದಳು. ತಮ್ಮ ಮಾತಿಗೆ ಇಷ್ಟು ಬೆಲೆ ಕೊಟ್ಟವರು ಈ ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ.

ಸಾಗರದ ಅಂಗಡಿಯೊಂದರಿಂದ ಟೀ ಪುಡಿ ಬರುವ ದೊಡ್ಡ ಪ್ಲೈವುಡ್ ಪೆಟ್ಟಿಗೆ ಬಸ್ಸಿನ ಟಾಪಿನ ಮೇಲೆ ಬಂತು. ಒಳಗೆ ಒಣಹುಲ್ಲು ಒತ್ತಿ ತುಂಬಿ ನಡುವೆ ಪಾತ್ರೆಯಷ್ಟು ಗುಳಿ ಮಾಡಿ, ಮೇಲೆ ಮುಚ್ಚಲು ಹಳೇ ಕಂಬಳಿಯನ್ನು ದಿಂಬಿನಂತೆ ಹೊಲಿದೆವು. ಮೊದಲ ದಿನ ಅನ್ನ ಹಲ್ಲಿಗೆ ಕಲ್ಲಿನಂತೆ ಸಿಕ್ಕಿತು. ಕಾರಣ ಹೂವಮ್ಮ. ಬೆಂದಿತೋ ಇಲ್ಲವೋ ಎಂದು ಐದು ಸಲ ಮುಚ್ಚಳ ತೆಗೆದು ನೋಡಿದ್ದಳು. "ಬಸುರಿ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದ್ರೆ ಮಗು ಬೇಗ ಹುಟ್ತದಾ?" ಎಂದು ಬೆಳ್ಳಕ್ಕ ಗದರಿದಳು. ಮರುದಿನ ಯಾರೂ ಮುಟ್ಟದಂತೆ ಪೆಟ್ಟಿಗೆಯ ಮೇಲೆ ತಾನೇ ಹತ್ತಿ ಕೂತು ಎಲೆಯಡಿಕೆ ಹಾಕಿಕೊಂಡಳು. ಒಂದೂವರೆ ಗಂಟೆಯ ಮೇಲೆ ಇಳಿದು, ಕಂಬಳಿ ಸರಿಸಿದಳು. ಹಬೆ ಗುಪ್ಪೆಂದು ಎದ್ದಿತು. ಒಂದಗುಳನ್ನು ಬೆರಳಲ್ಲಿ ಹಿಸುಕಿ ನೋಡಿ, "ಎಲಾ ಇದರ!" ಎಂದಳು. ಅಷ್ಟೇ. ಅಂದಿನಿಂದ ಅನ್ನವೂ ಬೇಳೆಯೂ ಸ್ವಲ್ಪ ಹೊತ್ತು ಮಾತ್ರ ಒಲೆಯ ಮೇಲೆ, ಉಳಿದ ಹೊತ್ತು ಹುಲ್ಲಿನಲ್ಲಿ.

ಹೀಗೆ ಮಿಕ್ಕ ಹೊತ್ತನ್ನು ಬೆಳ್ಳಕ್ಕ ಏನು ಮಾಡಿದಳೆಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಪೆಟ್ಟಿಗೆಯ ಮೇಲೆ ಕೂತೇ ನನ್ನ ಹತ್ತಿರ ಅಕ್ಷರ ಕಲಿತಳು. ದೀಪಾವಳಿಯ ಹೊತ್ತಿಗೆ ಬೆಳ್ಳಮ್ಮ ಎಂದು ಬರೆಯುತ್ತಿದ್ದಳು. ಳಕಾರದ ಒತ್ತು ಮಾತ್ರ ಆಗಾಗ ಸಾಲು ಬಿಟ್ಟು ಓಡಿಹೋಗುತ್ತಿತ್ತು. ಹೆಬ್ಬೆಟ್ಟು ಒತ್ತದೆ ಆಕೆ ರುಜು ಹಾಕಿದ ಮೊಟ್ಟಮೊದಲ ಸರ್ಕಾರಿ ಕಾಗದ ಯಾವುದು ಗೊತ್ತೇ? ತಾವು ಕಳಿಸಿದ, ಕೆಲಸದಿಂದ ತೆಗೆದ ಆದೇಶ. ಒತ್ತು ಸರಿಯಾಗಿಯೇ ಬಂದಿತ್ತು.

ನವೆಂಬರ್ ಕೊನೆಗೆ ನಮ್ಮ ಕಟ್ಟಿಗೆಮನೆಯಲ್ಲಿ ಹೊಸ ಹೇರು ಇಳಿಸಲು ಜಾಗವಿರಲಿಲ್ಲ. ನಮ್ಮ ವಾರ್ಡನ್ ತುಂಗಮ್ಮ ಮೇಡಂ ನಿವೃತ್ತಿಗೆ ಎರಡು ವರ್ಷ ಉಳಿದಿರುವ, ಬೆಕ್ಕು ಅಡ್ಡ ಬಂದರೂ ಮೇಲಿನವರಿಗೆ ವರದಿ ಮಾಡುವ ಸ್ವಭಾವದವರು. "ಈ ತಿಂಗಳು ಸೌದೆ ಬೇಕಾಗಿಲ್ಲ" ಎಂದು ಪ್ರಾಮಾಣಿಕವಾಗಿ ಬರೆದು ಕಳಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಯಾವ ಕಚೇರಿಗಾದರೂ "ಬೇಕಾಗಿಲ್ಲ" ಎಂಬ ಪತ್ರ ಬಂದದ್ದುಂಟೇ? ತಮ್ಮ ಕಚೇರಿ ಬೆಚ್ಚಿಬಿದ್ದದ್ದು ಸಹಜ. ಸೌದೆ ಉಳಿದಿದೆಯೆಂದರೆ ಅಡುಗೆ ಆಗಿಲ್ಲ, ಅಡುಗೆ ಆಗಿಲ್ಲವೆಂದರೆ ಮಕ್ಕಳು ಉಪವಾಸವಿದ್ದಾರೆ ಎಂದು ತರ್ಕ ಮಾಡಿ, ಡಿಸೆಂಬರಿನ ಒಂದು ಮಧ್ಯಾಹ್ನ ತಾವು ಹೇಳದೆ ಕೇಳದೆ ಜೀಪಿನಲ್ಲಿ ಬಂದಿಳಿದಿರಿ. ನಮ್ಮನ್ನು ಸಾಲಾಗಿ ನಿಲ್ಲಿಸಿ ಕೆನ್ನೆ ಗುಳಿಬಿದ್ದಿದೆಯೇ ಎಂದು ನೋಡಿದಿರಿ. ಹೂವಮ್ಮನ ಮುಂದೆ ಬಂದಾಗ ತಮ್ಮ ತರ್ಕಕ್ಕೆ ಸ್ವಲ್ಪ ಪೆಟ್ಟು ಬಿದ್ದಿರಬೇಕು. ಅವಳು ಆ ತರ್ಕಕ್ಕೆ ಒಗ್ಗುವ ಗಾತ್ರದವಳಲ್ಲ. ಆಮೇಲೆ ಊಟಕ್ಕೆ ಕೂತಿರಿ. ಮೂರು ಸಲ ಅನ್ನ ಬಡಿಸಿಕೊಂಡಿರಿ. "ಯಾವ ಅಕ್ಕಿ ಇದು? ಚೆನ್ನಾಗಿದೆಯಲ್ಲ!" ಎಂದಿರಿ.

ಬೆಳ್ಳಕ್ಕನಿಗೆ ತಡೆಯಲಾಗಲಿಲ್ಲ. "ಅಕ್ಕಿ ಅದೇ ಸ್ವಾಮಿ, ಬೇಯ್ಸಿದ್ದು ಬೇರೆ. ಬನ್ನಿ ತೋರ್ಸ್ತೀನಿ" ಎಂದು ಕರೆದೊಯ್ದು ಪೆಟ್ಟಿಗೆ ತೆರೆದು ತೋರಿಸಿದಳು. ತಾವು ಅದರೊಳಗೆ ಇಣುಕಿದಿರಿ, ನಮ್ಮ ಕಡೆ ನೋಡಿದಿರಿ, ಕೈ ತೊಳೆದು ಜೀಪು ಹತ್ತಿದಿರಿ. ವಾರದಲ್ಲಿ ಮೆಮೊ ಬಂತು. ಅಡುಗೆಮನೆಯಲ್ಲಿ ಹುಲ್ಲು ಇಟ್ಟಿದ್ದು ಬೆಂಕಿಯ ಅಪಾಯ, ಮಂಜೂರಾತಿಯಿಲ್ಲದ ಪಾಕವಿಧಾನ ಅನುಸರಿಸಿದ್ದು ಶಿಸ್ತುಭಂಗ, ಹಂಚಿಕೆಯಾದ ಸೌದೆಯನ್ನು ಬಳಸದಿದ್ದದ್ದು ಕರ್ತವ್ಯಲೋಪ. ಮೂರೂ ಬೆಳ್ಳಕ್ಕನ ತಲೆಗೆ ಬಿದ್ದು, ಸಂಕ್ರಾಂತಿ ಮುಗಿದೊಡನೆ ಕೆಲಸದಿಂದ ತೆಗೆದ ಆದೇಶವೂ ಬಂತು. ಒಂದು ಸಂಶಯ, ಮಾನ್ಯರೇ. ಬೆಂಕಿಯ ಅಪಾಯ ಯಾವುದರಿಂದ ಹೆಚ್ಚು? ಒಲೆಯಿಂದ ದೂರ ಮೂಲೆಯಲ್ಲಿರುವ ಹುಲ್ಲಿನಿಂದಲೋ, ದಿನವಿಡೀ ಧಗಧಗ ಉರಿಯುವ ಒಲೆಯಿಂದಲೋ?

ಇಷ್ಟೆಲ್ಲ ಕೋಪ ಹುಲ್ಲಿನ ಮೇಲೇಕೆ ಎಂಬುದು ನಮಗೆ ಅರ್ಥವಾಗಿರಲಿಲ್ಲ. ಅರ್ಥ ಮಾಡಿಸಿದವನು ಡಿಪೋದಿಂದ ಸೌದೆ ತರುವ ಎತ್ತಿನ ಗಾಡಿಯ ಕೆರಿಯಪ್ಪ. ಮೆಮೊ ಬಂದ ಮರುದಿನವೇ ಖಾಲಿ ಗಾಡಿ ಹೊಡೆದುಕೊಂಡು ಬಂದ.

"ಏನ್ರಮ್ಮಾ, ಕಟ್ಟಿಗೆ ಬ್ಯಾಡ ಅಂದ್ರಂತೆ? ನನ್ನ ಬಾಡಿಗೆ ಹೋಗ್ಲಿ ಬಿಡಿ. ಸಾಹೇಬ್ರ ಮನೆ ಹಂಡೆಗೆ ಏನು ಮಾಡಾದು?"

"ಅವರ ಮನೆ ಹಂಡೆಗೂ ನಮಗೂ ಏನು ಸಂಬಂಧ ಕೆರಿಯಪ್ಪ?" ಎಂದೆ.

"ಅಯ್ಯೋ, ನಿಮ್ಗೆ ಗೊತ್ತೇ ಇಲ್ವಾ! ಗಾಡಿ ಮೊದ್ಲು ನಿಲ್ಲೋದೇ ಅಲ್ಲಿ. ಅರ್ಧ ಅಲ್ಲಿಳ್ಸಿ ಮಿಕ್ಕಿದ್ದು ಇಲ್ಲಿಗೆ. ಈಗ ಗಾಡಿನೇ ಇಲ್ಲ. ಸಾಹೇಬ್ರು ಮೂರು ದಿನ ತಣ್ಣೀರು ಮಿಂದು ಮೂಗು ಸೋರಿಸ್ಕಂಡು ಕೂತಿದಾರೆ."

ಹೂವಮ್ಮ ನಗು ತಡೆಯಲಾರದೆ ಬಾವಿಕಟ್ಟೆಯ ಹಿಂದೆ ಹೋದಳು. ನನಗೆ ನಗು ಬರಲಿಲ್ಲ. ಬಿಸಿನೀರು ಬೇಡವೆಂದು ಹಲ್ಲು ಕಡಿದುಕೊಂಡು ಮಿಂದ ಕಿರಿಯ ಹುಡುಗಿಯರ ನೆನಪಾಗಿ ಮೈ ಉರಿಯಿತು. ಅವರು ಕಾಡಿಗೆಂದು ಉಳಿಸುತ್ತಿದ್ದರು. ಇಷ್ಟು ವರ್ಷ ಅರ್ಧ ಗಾಡಿ ತಮ್ಮ ಬಚ್ಚಲೊಲೆಗೆ ಹೋಗುತ್ತಿತ್ತು.

ನಲವತ್ತು ಹುಡುಗಿಯರು ಹುಲ್ಲಿನಲ್ಲಿ ಅನ್ನ ಮಾಡಿದರೆ ಕಾಡು ಉಳಿದುಬಿಡುತ್ತದೆ, ಭೂಮಿಯ ಜ್ವರ ಇಳಿದುಬಿಡುತ್ತದೆ ಎಂಬ ಭ್ರಮೆ ನಮಗಿಲ್ಲ. ಮರದ ನಾಟಾ ತುಂಬಿದ ಲಾರಿಗಳು ಸಾಲುಗಟ್ಟಿ ಘಾಟಿ ಇಳಿಯುವುದನ್ನು ಹೂವಮ್ಮ ಮನೆಯ ಜಗುಲಿಯಲ್ಲಿ ಕೂತೇ ನೋಡಿದ್ದಾಳೆ. ನನ್ನೂರು ನಿಟ್ಟೂರಿನ ಕಡೆ ಮೊದಲು ಮರವಿದ್ದಲ್ಲಿ ಈಗ ಬರಿಯ ಬುಡಗಳಿವೆ. ಬೇಕಾದರೆ ತಮ್ಮಂಥ ಇನ್ನೂರು ಅಧಿಕಾರಿಗಳನ್ನು ಕೂರಿಸಿ ಸಭೆ ಮಾಡಬಹುದು. ಆ ಲಾರಿಗಳ ಮುಂದೆ ನಮ್ಮ ಪೆಟ್ಟಿಗೆ ಎಷ್ಟರದ್ದು? ಆದರೂ ಮಾಡಿದೆವು. ನಮ್ಮ ಕೈಗೆ ಎಟುಕುವುದು ಅಷ್ಟೇ ಆಗಿತ್ತು, ಎಟುಕುವುದನ್ನು ಮಾಡಿ ಎಂದವರೂ ತಾವೇ. ಚಿಕ್ಕವರು ಚಿಕ್ಕದನ್ನು ಮಾಡಲಿ ಎಂದ ದೊಡ್ಡವರು ಅದಕ್ಕೆ ಅಡ್ಡ ಬರದಿರುವಷ್ಟಾದರೂ ದೊಡ್ಡತನ ತೋರಿಸಬೇಡವೇ?

ಈಗ ತಮಗೆ ಗೊತ್ತಿಲ್ಲದ ಸಂಗತಿಯೊಂದನ್ನು ತಿಳಿಸಬೇಕಾಗಿದೆ. ಆದೇಶ ಬಂದ ಮೂರನೆಯ ದಿನ ಬೆಳ್ಳಕ್ಕ ಕೈ ಮುಗಿದು ಬೇಡಿಕೊಳ್ಳೋಣವೆಂದು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ತಮ್ಮ ಮನೆಗೆ ಹೋಗಿದ್ದಳು. ತಾವು ಮೀಟಿಂಗಿಗೆಂದು ಶಿವಮೊಗ್ಗೆಗೆ ಹೋಗಿದ್ದಿರಿ. ತಮ್ಮ ಪತ್ನಿಯವರು ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಒಲೆಯ ಮುಂದಿದ್ದರು.

"ಅಮ್ಮ, ನಿಮ್ಮನೆಯವರು ನನ್ನ ಬಿಡ್ಸಿದ್ದು ಒಂದು ವಿದ್ಯೆಗೆ. ಅದು ತಪ್ಪೋ ಸರಿಯೋ ನೀವೇ ನೋಡಿ ಹೇಳಿ" ಎಂದಳಂತೆ ಬೆಳ್ಳಕ್ಕ.

ಮಾಡಿ ತೋರಿಸಿದಳು. ಅಂದಿನಿಂದ ತಮ್ಮ ಮನೆಯ ಉಗ್ರಾಣದಲ್ಲಿ, ಅಕ್ಕಿ ಮೂಟೆಯ ಹಿಂದೆ, ಗೋಣಿ ಹೊದಿಸಿದ ಒಂದು ಪೆಟ್ಟಿಗೆಯಿದೆ. ತಾವು ಹದಿನೈದು ದಿನಗಳಿಂದ ಉಣ್ಣುತ್ತಿರುವುದು ಮಂಜೂರಾತಿಯಿಲ್ಲದ ಪಾಕವಿಧಾನದ ಅನ್ನ. ಬೆಳಿಗ್ಗೆ ತಾವು ಮೀಯುವ ಬಿಸಿನೀರು ಹಿಂದಿನ ಸಂಜೆಯ ಅಡುಗೆಯ ಕೆಂಡದಲ್ಲಿ ಕುದಿದು, ಹುಲ್ಲಿನೊಳಗೆ ಮಲಗಿ ಎದ್ದದ್ದು. ಮೂಗು ಸೋರುವುದು ನಿಂತಿದೆಯೆಂದು ಕೇಳಿ ಸಂತೋಷವಾಯಿತು.

ಇದನ್ನು ಬರೆಯಬಹುದೇ ಎಂದು ಕೇಳಲು ನಾನೇ ಹೋಗಿದ್ದೆ. ಮನೆಯ ಗುಟ್ಟು ಪತ್ರಿಕೆಗೆ ಬೀಳುವುದು ಸರಿಯಲ್ಲವೆಂದು ನನಗೂ ಅಳುಕಿತ್ತು. ಪತ್ನಿಯವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಯೋಚಿಸಿ ಹೇಳಿದರು: "ಬರಿಯಮ್ಮ. ನಾನು ಹೇಳಿದೆ ಅಂತಲೇ ಬರಿ. ಪೇಪರಲ್ಲಿ ಬಂದ್ರೆ ಮಾತ್ರ ನಮ್ಮನೆಯವರು ನಂಬೋದು. ನಾನು ಬಾಯಲ್ಲಿ ಹೇಳಿದ್ದು ಯಾವುದನ್ನ ನಂಬಿದಾರೆ?"

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಬೆಳ್ಳಕ್ಕನನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕು. ಪೆಟ್ಟಿಗೆ ಅಡುಗೆಮನೆಯಲ್ಲೇ ಇರಬೇಕು, ಅದಕ್ಕೆ ಮಂಜೂರಾತಿ ಬೇಕಿದ್ದರೆ ಮನೆಯಲ್ಲೇ ವಿಚಾರಿಸಿಕೊಳ್ಳಬಹುದು. ಉಳಿದ ಸೌದೆ ಯಾರ ಮನೆಯ ಮುಂದೆಯೂ ಇಳಿಯದೆ ಡಿಪೋದಲ್ಲೇ ಉಳಿಯಬೇಕು. ಈಗ ನಾನು, ಹೂವಮ್ಮ ಸರದಿಯ ಮೇಲೆ ಅಡುಗೆ ಮಾಡುತ್ತಿದ್ದೇವೆ. ಏಪ್ರಿಲ್‌ನಲ್ಲಿ ನಮ್ಮ ಪರೀಕ್ಷೆ. ನಿನ್ನೆ ಹೂವಮ್ಮ ಇತಿಹಾಸ ಓದುತ್ತ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಇನ್ನು ತಡಮಾಡಿದರೆ ಮಕ್ಕಳು ಉಪವಾಸವಿದ್ದಾರೆಂಬ ತಮ್ಮ ಸಂಶಯ ನಿಜವಾಗುವ ಸಂಭವವಿದೆ.

ಬೆಳ್ಳಕ್ಕ ಈ ಪತ್ರ ಅಚ್ಚಾದ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಬರುತ್ತಾಳೆ, ಆದೇಶ ಬಂದರೂ ಬರದಿದ್ದರೂ. ಅವಳನ್ನು ಒಳಗೆ ಬಿಡದಿರಲು ಬಾಗಿಲಲ್ಲಿ ಯಾರಾದರೂ ನಿಲ್ಲಬೇಕಲ್ಲ. ನಾವು ನಲವತ್ತು ಜನ ನಿಲ್ಲುವುದಿಲ್ಲ. ತುಂಗಮ್ಮ ಮೇಡಂ ಎರಡು ವರ್ಷದ ನೌಕರಿಯನ್ನೂ ಪಿಂಚಣಿಯನ್ನೂ ಬೆರಳಲ್ಲಿ ಎಣಿಸಿ ನೋಡಿಕೊಂಡರು. ಆಮೇಲೆ ಆ ಸೋಮವಾರದಿಂದ ಬೆನ್ನುನೋವು ಬರಲಿದೆಯೆಂದೂ ನಿಲ್ಲುವುದು ಆಗುವುದಿಲ್ಲವೆಂದೂ ತಿಳಿಸಿದ್ದಾರೆ. ತಡೆಯಲೇಬೇಕಿದ್ದರೆ ತಾವೇ ಖುದ್ದಾಗಿ ಬಂದು ನಿಲ್ಲಬೇಕಾಗುತ್ತದೆ.

ಇಂತಿ,
ಹೆಸರು ಹಾಕಿದರೆ ಹಾಸ್ಟೆಲಿನಿಂದ ಹೊರಗೆ, ಹಾಕದಿದ್ದರೆ ಗೆಳತಿಯ ಬಾಯಲ್ಲಿ ಹೇಡಿ ಎಂಬ ಇಕ್ಕಟ್ಟಿನಲ್ಲಿ ಸಿಕ್ಕಿ, ಅಪ್ಪಯ್ಯ ಈ ಪತ್ರಿಕೆ ತರಿಸುವುದಿಲ್ಲವೆಂಬ ಒಂದೇ ಧೈರ್ಯದಿಂದ ಹೆಸರು ಹಾಕಿರುವ
ವರದಾ, ದ್ವಿತೀಯ ಪಿಯುಸಿ
೨ ಫೆಬ್ರವರಿ ೧೯೮೬